ಬರ್ನಿನ ಕಡತದಲ್ಲಿ ಮಳವಳ್ಳಿಯ ಕಾಗದ

೧೯೮೭ನೆಯ ಇಸವಿಯಲ್ಲಿ ನನಗೆ ಹದಿನೆಂಟು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಮಳವಳ್ಳಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ನಮಗೆ ಗಣಿತ ಹೇಳುತ್ತಿದ್ದವರು ಸಿದ್ದಯ್ಯನವರು. ಶಿವನಸಮುದ್ರದ ಕರೆಂಟು ಮನೆಯಲ್ಲಿ ಕೂಲಿಯಾಗಿದ್ದ ತಂದೆಯ ಮಗ. ವಿದ್ಯಾರ್ಥಿವೇತನ ಗಳಿಸಿ ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಹೋಗಿ, ಬೆನೆಡಿಕ್ಟ್ ರುಫ್ನರ್ ಎಂಬ ಗಣಿತಜ್ಞರ ಬಳಿ ಹನ್ನೊಂದು ತಿಂಗಳು ಸಂಶೋಧನೆ ಮಾಡಿದ್ದರು. ತಂದೆ ತೀರಿಕೊಂಡ ಸುದ್ದಿ ಬಂದಾಗ, ಬರೆದಿದ್ದ ಹದಿನಾಲ್ಕು ಪುಟಗಳನ್ನು ಗುರುವಿನ ಮೇಜಿನ ಮೇಲಿಟ್ಟು ಊರಿಗೆ ಬಂದವರಿಗೆ ಮತ್ತೆ ಹೋಗಲಾಗಲಿಲ್ಲ.

ನಾನು ಕಾಲೇಜು ಸೇರಿದ ೧೯೮೭ರಲ್ಲಿ ರುಫ್ನರರಿಂದ ಅವರಿಗೊಂದು ಕಾಗದ ಬಂತು. ಹದಿನಾಲ್ಕು ಪುಟಗಳಲ್ಲಿದ್ದ ಒಂದು ಉಪಪ್ರಮೇಯ, ಅಂದರೆ ದೊಡ್ಡ ಪ್ರಮೇಯಕ್ಕೆ ಏರಲು ಮೆಟ್ಟಿಲಾಗುವ ಸಣ್ಣ ಪ್ರಮೇಯ, ತಮ್ಮ ಲೇಖನಕ್ಕೆ ಬೇಕಾಗಿದೆ. ಅದರಲ್ಲಿ ನಿಮ್ಮದೆಷ್ಟು ಎಂಬುದನ್ನು ಬರೆದು ಸಹಿ ಮಾಡಿ ಕಳುಹಿಸಿ ಎಂದು ಕೇಳಿದ್ದರು. ಸಿದ್ದಯ್ಯನವರು ಮೊಪೆಡ್ಡಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದ ಕಾಲ ಅದು. ಆದ್ದರಿಂದ ಅವರು ಹೇಳಿದರು, ನಾನು ಬರೆದೆ. ನನ್ನ ಅಕ್ಷರ ದುಂಡಗಿತ್ತು. ಇಂಗ್ಲಿಷ್ ವ್ಯಾಕರಣದ ವಿಷಯದಲ್ಲಿ ನನಗೆ ಆಗಲೇ ಸಾಕಷ್ಟು ಅಹಂಕಾರವಿತ್ತು. ಅವರು ಎಡಗೈಯಲ್ಲಿ ಸಹಿ ಹಾಕಿದರು. ಎರಡು ವರ್ಷಗಳ ಮೇಲೆ ಲೇಖನ ಅಚ್ಚಾಗಿ ಬಂತು. ಉಪಪ್ರಮೇಯವಿತ್ತು, ಸಿದ್ದಯ್ಯನವರ ಹೆಸರಿರಲಿಲ್ಲ.

ಅಂದಿನಿಂದ ಅವರು ಸಂಶೋಧನೆಯ ಮಾತೆತ್ತಲಿಲ್ಲ. ಗುರುವಿಗೆ ಕಾಗದ ಬರೆಯಲಿಲ್ಲ. ಗುರುವೂ ಬರೆಯಲಿಲ್ಲ.

ಮಳವಳ್ಳಿ: ಹೊರಡುವ ಮುನ್ನ

ನಾನು ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿ, ಸ್ವಯಂ ನಿವೃತ್ತಿ ಪಡೆದೆ. ಲೆಕ್ಕ ಸರಿಯಿದ್ದು ವಾಕ್ಯ ತಪ್ಪಿದ್ದರೆ ಅರ್ಧ ಅಂಕ ಕಳೆಯುವ ಮೇಷ್ಟ್ರೆಂದು ಹೆಸರಾಗಿದ್ದೆ. ಬಿಡುವಾದ ಮೇಲೆ ಪ್ರೌಢಶಾಲೆಯ ಮಕ್ಕಳಿಗಾಗಿ ರುಫ್ನರರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯತೊಡಗಿದೆ. ಅವರೂ ಮೊದಲ ಒಂಬತ್ತು ವರ್ಷ ಶಾಲಾ ಮೇಷ್ಟ್ರಾಗಿದ್ದರೆಂಬುದು ನನಗೆ ಸಾಕಾದಷ್ಟು ಕಾರಣ. ಆರು ಅಧ್ಯಾಯಗಳು ಸರಾಗವಾಗಿ ಮುಗಿದವು. ಏಳನೆಯದು ಆ ಲೇಖನದ ಅಧ್ಯಾಯ. ಅಲ್ಲಿ ಲೇಖನಿ ನಿಂತಿತು.

೨೦೨೪ರ ಸೆಪ್ಟೆಂಬರಿನಲ್ಲಿ, ರುಫ್ನರರ ಕಡತಗಳನ್ನು ನೋಡಲು ಬರ್ನಿನ ಗ್ರಂಥಾಲಯದಿಂದ ಅನುಮತಿ ದೊರೆತಾಗ, ಹೇಳಿಬರಲು ಮಳವಳ್ಳಿಗೆ ಹೋದೆ. ಸಿದ್ದಯ್ಯನವರು ಜಗಲಿಯ ಮೇಲೆ ಕಾಲು ನೀಡಿ ಕೂತು ಹುಣಿಸೆಹಣ್ಣು ಬಿಡಿಸುತ್ತಿದ್ದರು.

“ಏನ್ಲಾ ಚನ್ನ, ಓಯ್ತಿಯಂತಲ್ಲಾ ನಮ್ಮೂರ್ಗೆ?”

“ಹೋಗ್ತಿದ್ದೀನಿ ಸರ್. ಹತ್ತು ದಿನ.”

“ಓಗು. ಓಗಿ ಕಡತ ಬಿಚ್ಚಿ ನೋಡು. ಕದ್ದವ್ನೆ ಅಂದ್ರೆ ಕದ್ದವ್ನೆ ಅಂತ್ಲೇ ಬರಿ. ಅದು ಬರಿಯಕ್ಕೆ ನಿಂಗೆ ಕೈ ನಡುಗ್ತದೆ ಅಂದ್ರೆ ಪುಸ್ತಕನೇ ಬ್ಯಾಡ, ಒಲೆಗಾಕು.”

ಒಳಗಿನಿಂದ ಅವರ ಮಡದಿ ಜಯಮ್ಮನವರು ಕಾಫಿ ಹಿಡಿದು ಬಂದರು. “ಮೂವತ್ತೈದು ವರ್ಸದಿಂದ ಇದೇ ರಾಗ ಕಣಪ್ಪ. ಉಗಾದಿ ದಿನಾನೂ ಅವನ್ದೇ ಮಾತು, ಮಗಳ ಮದುವೆ ದಿನಾನೂ ಅವನ್ದೇ ಮಾತು. ಕಳ್ಳನೋ ಸುಳ್ಳನೋ, ಒಂದ್ ಕೊನೆ ಅಂತ ತಕಂಡ್ ಬಾ. ನಂಗೂ ಸಾಕಾಗದೆ.”

ಸಿದ್ದಯ್ಯನವರು ಹುಣಿಸೆಬೀಜವನ್ನು ಅಂಗಳಕ್ಕೆಸೆದು, “ನುಂಗ್‌ಬುಟ್ಟ ಕಣ್ಲಾ” ಎಂದರು. ಅವರಿಗೆ ಎಪ್ಪತ್ತು. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು.

ಬೆಟ್ಟದ ಹಳ್ಳಿ

ಜೀವನಚರಿತ್ರೆಯನ್ನು ಹುಟ್ಟಿನಿಂದಲೇ ಆರಂಭಿಸಬೇಕೆಂಬುದು ನನ್ನ ಕ್ರಮ. ರುಫ್ನರರ ಡಾಕ್ಟರೇಟ್ ಪ್ರಬಂಧದ ಮೊದಲ ಪುಟದಲ್ಲಿ ಹೆಸರಿನ ಕೆಳಗೆ ‘ಇಂಥ ಊರಿನವರು’ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಅದನ್ನು ನಂಬಿ ಮೊದಲ ಅಧ್ಯಾಯದಲ್ಲಿ ಆ ಊರಿನ ಮೇಲೆ ಆರು ಪುಟ ಬರೆದಿದ್ದೆ: ಹಿಮ, ಮೇಕೆಗಳು, ಶಾಲೆಗೆ ನಾಲ್ಕು ಮೈಲಿ ಇಳಿಜಾರು. ಊರು ದೇಶದ ಪೂರ್ವದ ತುದಿಯ ಬೆಟ್ಟಗಳಲ್ಲಿತ್ತು. ಎರಡು ರೈಲು, ಒಂದು ಬಸ್ಸು, ಆಮೇಲೆ ಕಾಲ್ನಡಿಗೆ. ವಿಮಾನದಲ್ಲಿ ಮಡಿಸಿಟ್ಟ ಮಂಡಿ ಇನ್ನೂ ಬಿಚ್ಚಿಕೊಂಡಿರಲಿಲ್ಲ. ನೂರು ಹೆಜ್ಜೆಗೊಮ್ಮೆ ನಿಂತು, ದೃಶ್ಯ ನೋಡುವವನಂತೆ ನಟಿಸುತ್ತ ಏರಿದೆ.

ಪಂಚಾಯಿತಿ ಕಚೇರಿಯಲ್ಲಿದ್ದ ಹೆಂಗಸು ದಪ್ಪ ಪುಸ್ತಕ ತೆರೆದು, ಬೆರಳಿಟ್ಟು ಹುಡುಕಿದಳು.

“ರುಫ್ನರ್ ಬೆನೆಡಿಕ್ಟ್. ಹೌದು, ನಮ್ಮವರೇ.”

“ಅವರು ಹುಟ್ಟಿದ ಮನೆ ಎಲ್ಲಿದೆ?”

“ಇಲ್ಲಿ ಹುಟ್ಟಲಿಲ್ಲವಲ್ಲ. ಹುಟ್ಟಿದ್ದು ವಿಂಟರ್‌ಥೂರಿನಲ್ಲಿ. ಅವರ ಮುತ್ತಜ್ಜ ಇಲ್ಲಿಂದ ಹೋದವರು.”

“ಮತ್ತೆ ಪ್ರಬಂಧದಲ್ಲಿ ಈ ಊರಿನ ಹೆಸರು?”

“ಇದು ಅವರ ಮೂಲದ ಊರು. ನಮ್ಮಲ್ಲಿ ಕಾಗದಪತ್ರಗಳಲ್ಲಿ ಅದನ್ನೇ ಬರೆಯುವುದು. ಹುಟ್ಟಿದ ಊರನ್ನಲ್ಲ.” ಅವಳು ಪುಸ್ತಕ ಮುಚ್ಚಿದಳು. “ಅವರು ಇಲ್ಲಿಗೆ ಒಮ್ಮೆಯಾದರೂ ಬಂದಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.”

ಹೊರಗೆ ಬಂದು ಕಲ್ಲುತೊಟ್ಟಿಯ ಅಂಚಿನ ಮೇಲೆ ಕೂತೆ. ನನ್ನ ಹೆಸರು ಆ. ಕೃ. ಚನ್ನೇಗೌಡ. ಆ ಎಂದರೆ ಆತಗೂರು. ನಮ್ಮ ತಾತ ಅಲ್ಲಿಂದ ಮದ್ದೂರಿಗೆ ಬಂದವರು. ಆ ಊರಿನಲ್ಲಿ ನಾನು ಒಂದು ರಾತ್ರಿಯೂ ಮಲಗಿದವನಲ್ಲ. ಇಪ್ಪತ್ತೇಳು ವರ್ಷ ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಹಿಂದೆ ಅವರು ಕಣ್ಣಿಂದಲೂ ಕಾಣದ ಊರುಗಳನ್ನು ಬರೆದಿದ್ದೇನೆ. ಅದೇ ಪದ್ಧತಿ ಮತ್ತೊಬ್ಬರ ದೇಶದಲ್ಲಿರಬಹುದೆಂದು ನನಗೆ ಹೊಳೆಯಲಿಲ್ಲ. ಆರು ಪುಟಗಳನ್ನು ಅಲ್ಲೇ ಅಡ್ಡಗೆರೆ ಹೊಡೆದೆ. ಮೇಕೆಗಳೂ ಹೋದವು. ಬಸ್ಸು ಬರಲು ಎರಡು ಗಂಟೆಯಿತ್ತು. ಅದು ಹೇಳಿದ ನಿಮಿಷಕ್ಕೇ ಬಂತು. ಹೇಳಿದ ವೇಳೆಗೆ ಬರುವ ಬಸ್ಸನ್ನು ಕಾಯುವುದು, ಯಾವಾಗ ಬರುವುದೋ ತಿಳಿಯದ ಬಸ್ಸನ್ನು ಕಾಯುವುದಕ್ಕಿಂತ ಬೇಸರದ ಕೆಲಸ. ಬೈಯಲು ಯಾರೂ ಸಿಗುವುದಿಲ್ಲ.

ವಿಂಟರ್‌ಥೂರ್

ರುಫ್ನರರು ನಿಜವಾಗಿ ಹುಟ್ಟಿದ ಬೀದಿ ಹಳೆಯ ರೈಲು ಎಂಜಿನ್ ಕಾರ್ಖಾನೆಯೊಂದರ ಹಿಂದಿದೆ. ಒಂದೇ ಗೋಡೆಗೆ ಒರಗಿದ ಸಾಲುಮನೆಗಳು, ಮುಂದೆ ಸೊಪ್ಪು ಬೆಳೆಯುವಷ್ಟು ಜಾಗ. ತಂದೆ ಕಾರ್ಖಾನೆಯಲ್ಲಿ, ಎರಕ ಹೊಯ್ಯುವುದಕ್ಕೆ ಮೊದಲು ಬೇಕಾಗುವ ಮರದ ಅಚ್ಚು ಮಾಡುವ ಬಡಗಿ. ಅಚ್ಚಿನಲ್ಲಿ ಕೂದಲೆಳೆಯಷ್ಟು ತಪ್ಪಾದರೆ ಕಬ್ಬಿಣದಲ್ಲಿ ಅದು ಶಾಶ್ವತ. ಮಗ ಜ್ಯೂರಿಕ್‌ನಲ್ಲಿ ಓದಿ, ಡಾಕ್ಟರೇಟ್ ಪಡೆದ ಮೇಲೆಯೂ ಒಂಬತ್ತು ವರ್ಷ ಇದೇ ಊರಿನಲ್ಲಿ ಮಕ್ಕಳಿಗೆ ಬೀಜಗಣಿತ ಕಲಿಸಿದರು. ಬರ್ನಿನ ವಿಶ್ವವಿದ್ಯಾಲಯ ಕರೆದಾಗ ಅವರ ಹೆಸರಿನಲ್ಲಿದ್ದದ್ದು ಐದೇ ಲೇಖನಗಳು, ಒಂದರಲ್ಲಿಯೂ ತಪ್ಪಿರಲಿಲ್ಲ. ನಿವೃತ್ತರಾಗುವಾಗ ಹತ್ತೊಂಬತ್ತು. ಈಗಿನವರು ವರ್ಷಕ್ಕೆ ಅಷ್ಟು ಬರೆಯುತ್ತಾರಂತೆ.

ಆ ಬೀದಿಯಲ್ಲಿ ಎದುರಾದವರೆಲ್ಲ ನನಗೆ ನಮಸ್ಕಾರ ಹೇಳಿದರು. ಮೊದಲನೆಯವರಿಗೆ ನಾನು ನಿಂತು, ಕೈಮುಗಿದು, ಯಾವ ಊರಿನಿಂದ ಬಂದೆನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ತಿರುವು ದಾಟಿದ್ದರು. ನಮ್ಮಲ್ಲಿ ಗುರುತಿಲ್ಲದವರಿಗೆ ನಮಸ್ಕರಿಸುವುದಿಲ್ಲ; ನಮಸ್ಕರಿಸಿದರೆ ಯಾವೂರು, ಯಾರ ಪೈಕಿ, ಏನು ಬಂದದ್ದು ಎಂಬಷ್ಟನ್ನು ಕೇಳದೆ ಬಿಡುವುದಿಲ್ಲ. ಇಲ್ಲಿ ನಮಸ್ಕಾರವೆಂದರೆ ನಮಸ್ಕಾರವಷ್ಟೆ. ಅದರ ಹಿಂದೆ ಮತ್ತೇನೂ ಬರುತ್ತಿರಲಿಲ್ಲ.

ಬರ್ನ್: ಊಟದ ಮೇಜು

ರುಫ್ನರರು ತೀರಿಕೊಂಡು ಬಹಳ ವರ್ಷವಾಗಿತ್ತು. ಬರ್ನಿನಲ್ಲಿ ನಾನು ಇಳಿದುಕೊಂಡದ್ದು ರುಫ್ನರರ ಮಗಳು ರೇಗುಲಾ ಅವರ ಮನೆಯ ಮಹಡಿ ಕೋಣೆಯಲ್ಲಿ. ಎಪ್ಪತ್ತೊಂದು ವರ್ಷದ, ಬೆನ್ನು ಬಾಗದ ಹೆಂಗಸು. ಇಂಗ್ಲಿಷನ್ನು ಒಂದೊಂದು ಪದವಾಗಿ ಮೇಜಿನ ಮೇಲಿಡುವಂತೆ ಆಡುತ್ತಿದ್ದರು. ಮೊದಲ ಸಂಜೆ ಬೇಯಿಸಿದ ಆಲೂಗಡ್ಡೆ, ಚೀಸ್, ರೊಟ್ಟಿ. ನಾಲ್ಕು ಆಲೂಗಡ್ಡೆ ತಿಂದಾಗ ಅವರು ಕೇಳಿದರು:

“ಇನ್ನೂ ಬೇಕೇ?”

“ಬೇಡ, ಬೇಡ. ಸಾಕಾಯಿತು.”

ಬಟ್ಟಲು ಒಳಗೆ ಹೋಯಿತು. ನಾನು ಅದು ಹೋದ ಬಾಗಿಲನ್ನೇ ನೋಡುತ್ತ ಕೂತೆ. ನಮ್ಮ ಸೀಮೆಯಲ್ಲಿ ಮೊದಲ ಸಲ ಕೇಳಿದಾಗ ಬೇಕೆನ್ನುವವನನ್ನು ಹೊಟ್ಟೆಬಾಕ ಎನ್ನುತ್ತಾರೆ. ಎರಡನೆಯ ಸಲವೂ ಬೇಡವೆನ್ನಬೇಕು, ಮೂರನೆಯ ಸಲ ಕೈ ಅಡ್ಡ ಹಿಡಿಯಬೇಕು; ಬಡಿಸುವವರು ಕೈಯನ್ನು ಸರಿಸಿ ಮುದ್ದೆಯನ್ನು ತಟ್ಟೆಗೆ ಇಕ್ಕಿಯೇ ಬಿಡಬೇಕು. ಇದು ಇಬ್ಬರೂ ಸೇರಿ ಮಾಡುವ ಕೆಲಸ. ಇಲ್ಲಿ ನನ್ನ ಪಾಲನ್ನು ನಾನು ಮಾಡಿದೆ, ಆಚೆಯವರದು ಬರಲೇ ಇಲ್ಲ. ಮೂರು ದಿನ ಅರೆಹೊಟ್ಟೆಯಲ್ಲಿದ್ದೆ. ಮೂಲೆಯ ಅಂಗಡಿಯಿಂದ ಬಾಳೆಹಣ್ಣು ತಂದು, ಕೋಣೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದೆ, ಐವತ್ತೈದು ವರ್ಷದವನು. ನಾಲ್ಕನೆಯ ಸಂಜೆ ಧೈರ್ಯ ಮಾಡಿ “ಹೌದು, ಬೇಕು” ಎಂದೆ. ನನ್ನ ದನಿ ನನಗೇ ಅಸಭ್ಯವಾಗಿ ಕೇಳಿಸಿತು. ರೇಗುಲಾ ಮಾತ್ರ ಸಂತೋಷದಿಂದ ಮೂರು ಆಲೂಗಡ್ಡೆ ಬಡಿಸಿದರು.

“ನಮ್ಮ ತಂದೆಯೂ ಹೀಗೇ, ಬೇಕಾದರೆ ಬೇಕು ಎನ್ನುತ್ತಿದ್ದರು,” ಎಂದರು. “ಯಾರನ್ನೂ ಒಂದು ವಿಷಯ ಎರಡು ಸಲ ಕೇಳುತ್ತಿರಲಿಲ್ಲ. ಹೇಳಿದ ಮಾತನ್ನು ನಂಬದಿರುವುದು ಅವಮಾನ ಅಂತ ಅವರ ಎಣಿಕೆ.”

ಆಗ ನಾನು ಬಂದ ಕೆಲಸವನ್ನು ತಿಳಿಸಿದೆ. ಸಿದ್ದಯ್ಯನವರ ಹೆಸರನ್ನೂ ಲೇಖನವನ್ನೂ ಹೇಳಿದೆ. ಅವರು ಚಮಚವನ್ನು ಕೆಳಗಿಟ್ಟರು.

“ನನ್ನ ತಂದೆ ಕಳ್ಳರು ಎಂದು ಬರೆಯುವುದಕ್ಕೆ ಬಂದಿದ್ದೀರಾ?”

“ಹೌದೋ ಅಲ್ಲವೋ ನೋಡುವುದಕ್ಕೆ ಬಂದಿದ್ದೇನೆ.”

“ಹಾಗಾದರೆ ಎಲ್ಲವನ್ನೂ ನೋಡಿ. ಅರ್ಧ ನೋಡಿ ಹೋಗಬೇಡಿ.”

ಬರ್ನ್: ಬೂದುಬಣ್ಣದ ಕಡತಗಳು

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೈ ತೊಳೆದು ಕೂರಬೇಕು, ಸೀಸದ ಕಡ್ಡಿಯಲ್ಲೇ ಬರೆದುಕೊಳ್ಳಬೇಕು. ರುಫ್ನರರು ಪ್ರತಿವರ್ಷಕ್ಕೊಂದು ಬೂದುಬಣ್ಣದ ಕಡತ ಮಾಡಿ, ಬಂದ ಕಾಗದ, ಕಳುಹಿಸಿದ ಕಾಗದದ ಪ್ರತಿ, ಪಾಠದ ಟಿಪ್ಪಣಿ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿಟ್ಟಿದ್ದರು. ಇಂಥ ಮನುಷ್ಯ ನಮ್ಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿರಬೇಕಿತ್ತು ಎನಿಸಿತು.

ಈ ಸಲ ನನ್ನ ಕ್ರಮ ಬಿಟ್ಟು, ಅವರು ನಿವೃತ್ತರಾದ ವರ್ಷದಿಂದ ಹಿಂದಕ್ಕೆ ಹೊರಟೆ. ಅವರು ಪ್ರತಿ ಚಳಿಗಾಲ ಆ ಲೇಖನದ ಪ್ರಮೇಯವನ್ನು ಪಾಠ ಹೇಳುತ್ತಿದ್ದರು. ಪ್ರತಿ ವರ್ಷವೂ ಟಿಪ್ಪಣಿಯನ್ನು ಹೊಸದಾಗಿ ಬರೆಯುತ್ತಿದ್ದರು. ಆ ಉಪಪ್ರಮೇಯ ಬರುವ ಪುಟದ ಅಂಚಿನಲ್ಲಿ ಜರ್ಮನ್ ಭಾಷೆಯ ಮೂರು ಪದಗಳಿದ್ದವು. ಮೇಲ್ವಿಚಾರಕರನ್ನು ಕೇಳಿದೆ. ಅವರು ಬಗ್ಗಿ ನೋಡಿ, “ಇದು ನನ್ನದಲ್ಲ” ಎಂದು ಓದಿ ಹೇಳಿದರು. ಹಿಂದಿನ ವರ್ಷದ ಕಡತ ತೆರೆದೆ. ಅದೇ ಜಾಗ, ಅದೇ ಮೂರು ಪದ. ಅದರ ಹಿಂದಿನದು, ಅಲ್ಲೂ ಅದೇ. ಹನ್ನೊಂದು ವರ್ಷ, ಹನ್ನೊಂದು ಸಲ.

ತನ್ನದಲ್ಲವೆಂದು ಪಾಠದ ಟಿಪ್ಪಣಿಯಲ್ಲಿ ವರ್ಷವರ್ಷವೂ ಬರೆದವರು ಅಚ್ಚಿನಲ್ಲಿ ಯಾಕೆ ಹೇಳಲಿಲ್ಲ? ೧೯೮೭ರ ಕಡತವನ್ನು ತರಿಸಿದೆ. ಸಿದ್ದಯ್ಯನವರ ಹೆಸರಿನಲ್ಲಿ ಹೋದ ಕಾಗದ ಅಲ್ಲಿತ್ತು.

ಅಕ್ಷರ ನನ್ನದು. ಬಾಲವಿಲ್ಲದ, ದುಂಡನೆಯ, ಸೊಕ್ಕಿನ ಅಕ್ಷರ. ಮೊದಲ ಎರಡು ವಾಕ್ಯ ಸಿದ್ದಯ್ಯನವರು ಹೇಳಿದ್ದು: ಮೂರನೆಯ ಉಪಪ್ರಮೇಯವೂ ಅದರ ಸಾಧನೆಯೂ ನನ್ನವು, ಉಳಿದದ್ದೆಲ್ಲ ತಮ್ಮದು. ಅದರ ಕೆಳಗೆ ಇನ್ನೂ ಎರಡು ವಾಕ್ಯಗಳಿದ್ದವು. ಆದರೂ ಇದರಲ್ಲಿ ನನ್ನದೆಂದು ಹೇಳಿಕೊಳ್ಳತಕ್ಕದ್ದು ಏನೂ ಇಲ್ಲ, ಎಲ್ಲವೂ ತಮ್ಮ ಅನುಗ್ರಹ. ನನ್ನ ಹೆಸರನ್ನು ಎಲ್ಲಿಯೂ ಉಲ್ಲೇಖಿಸುವ ಅಗತ್ಯವಿಲ್ಲವೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಆ ಕೊನೆಯ ವಾಕ್ಯದ ಕೆಳಗೆ ರುಫ್ನರರು ಅಳತೆಪಟ್ಟಿ ಹಿಡಿದು ಕೆಂಪು ಗೆರೆ ಎಳೆದಿದ್ದರು. ಪಕ್ಕಕ್ಕೆ ಗುಂಡುಸೂಜಿಯಿಂದ ಚುಚ್ಚಿದ ಚೀಟಿ. ಮೇಲ್ವಿಚಾರಕರು ಅದನ್ನೂ ಓದಿದರು: “ಯಾಕೆಂದು ಅರ್ಥವಾಗುತ್ತಿಲ್ಲ. ಆದರೆ ಇದು ಅವರ ಇಚ್ಛೆ.”

ಆಗ ಎಲ್ಲವೂ ನೆನಪಿಗೆ ಬಂತು. ಕಾಲೇಜಿನ ಹೊಂಗೆಮರದ ಕಟ್ಟೆ. ಸಿದ್ದಯ್ಯನವರು ಎರಡೇ ವಾಕ್ಯ ಹೇಳಿ, “ಅಷ್ಟೇ ಕಣ್ಲಾ, ಚೊಕ್ಕವಾಗಿ ಬರಿ” ಎಂದು ತರಗತಿಗೆ ಹೋದರು. ಗುರುಗಳಿಗೆ ಹೋಗುವ ಕಾಗದ ಅಷ್ಟು ಬೋಳಾಗಿ ನಿಂತದ್ದು ನನಗೆ ಸರಿಕಾಣಲಿಲ್ಲ. ಪತ್ರಲೇಖನದ ಪಾಠದಲ್ಲಿ ಕಲಿತ ವಿನಯವನ್ನೆಲ್ಲ ಸೇರಿಸಿದೆ. ಗಂಟೆ ಹೊಡೆದಾಗ ಅವರು ಓಡಿಬಂದು, ಪ್ಯಾಡನ್ನು ನನ್ನ ಬೆನ್ನ ಮೇಲಿಟ್ಟು, ಓದದೆ ಸಹಿ ಗೀಚಿದರು. ಆ ಇಂಗ್ಲಿಷನ್ನು ನೆನೆದು ನಾನು ಬಹಳ ದಿನ ಹಿಗ್ಗಿದ್ದೆ. ಆಮೇಲೆ ಮರೆತೆ. ಲೇಖನ ಬಂದಾಗ, ಅವರ ಜಗಲಿಯಲ್ಲಿ ಕೂತು, ಅವರ ಗುರುವನ್ನು ಅವರಿಗಿಂತ ಜೋರಾಗಿ ಬೈದವನೂ ನಾನೇ.

ಸಂಜೆ ರೇಗುಲಾ ಅವರಿಗೆ ಹೇಳಿದೆ.

“ಅಂದರೆ, ಹೆಸರು ಬೇಡ ಎಂದು ಬರೆದದ್ದು, ಹೆಸರು ಹಾಕಿ ಎಂಬ ಅರ್ಥದಲ್ಲಿಯೇ?”

“ಹೌದು. ಬೇಡವೆಂದರೆ ಅವರು ಒತ್ತಾಯ ಮಾಡುತ್ತಾರೆ, ಆಮೇಲೆ ಹಾಕುತ್ತಾರೆ ಎಂದು.”

“ಅದನ್ನು ನಮ್ಮ ತಂದೆಗೆ ಯಾರೂ ಹೇಳಲಿಲ್ಲ.” ಅವರು ಎದ್ದು ತಟ್ಟೆಗಳನ್ನು ಎತ್ತಿದರು. ಮಾರನೆಯ ಬೆಳಗ್ಗೆ ಲೇಖನ ಅಚ್ಚಾದ ಪತ್ರಿಕೆಯ ಸಂಪಾದಕರೊಡನೆ ಫೋನಿನಲ್ಲಿ ಮಾತಾಡಿ ಬಂದು, “ತಿದ್ದುಪಡಿ ಪ್ರಕಟಿಸುತ್ತಾರಂತೆ. ಆದರೆ ಉಪಪ್ರಮೇಯ ನನ್ನದು ಎಂದು ಸಿದ್ದಯ್ಯನವರು ತಮ್ಮ ಕೈಯಿಂದಲೇ ಬರೆದು ಕಳುಹಿಸಬೇಕು,” ಎಂದರು. ತುಸು ತಡೆದು ಸೇರಿಸಿದರು: “ದಯವಿಟ್ಟು ನೀವು ಬರೆದುಕೊಡಬೇಡಿ.”

ಮತ್ತೆ ಮಳವಳ್ಳಿ

ಊರಿಗೆ ಬಂದು ಒಂಬತ್ತು ದಿನ ಮನೆಯಿಂದ ಹೊರಡಲಿಲ್ಲ. ಜ್ವರವೆಂದು ಹೇಳಿಕೊಂಡೆ. ಹತ್ತನೆಯ ದಿನ ಮಳವಳ್ಳಿಯ ಬಸ್ಸು ಹತ್ತಿದೆ.

ಸಿದ್ದಯ್ಯನವರಿಗೆ ಮೊದಲು ಟಿಪ್ಪಣಿ ಪುಟಗಳ ಪ್ರತಿಗಳನ್ನು ಕೊಟ್ಟೆ. ಅವರಿಗೆ ಜರ್ಮನ್ ಮರೆತಿರಲಿಲ್ಲ. ಒಂದೊಂದನ್ನೂ ಎತ್ತಿ ಅಂಚನ್ನು ಓದಿ ಜಗಲಿಯ ಮೇಲಿಟ್ಟರು. ಹನ್ನೊಂದೂ ಮುಗಿದವು.

“ಪ್ರತಿ ವರ್ಸಾನೂ?”

“ಪ್ರತಿ ವರ್ಷವೂ ಸರ್.”

“ನಾನೂ ಪ್ರತಿ ವರ್ಸ ಇಲ್ಲಿ ಕೂತ್ಕಂಡು ಅವ್ರಿಗೆ ಬೈತಿದ್ದೆ.” ಅವರ ಬಾಯಲ್ಲಿ ಅವ್ನು ಹೋಗಿ ಅವ್ರು ಬಂದದ್ದನ್ನು ನಾನು ಗಮನಿಸಿದೆ. “ಮತ್ತೆ ಅಚ್ಚಾಕ್ಸುವಾಗ ಯಾಕ್ಲಾ ಬುಟ್ರು?”

ಕಾಗದದ ಪ್ರತಿಯನ್ನು ಕೊಟ್ಟೆ. ಓದಿದರು. ಮತ್ತೆ ಓದಿದರು. ಆಮೇಲೆ ನನ್ನ ಮುಖ ನೋಡಿದರು.

“ಇದನ್ನ ನಾನೇಳ್ಲಿಲ್ಲ.”

“ಇಲ್ಲ ಸರ್. ನಾನು ಸೇರಿಸಿದ್ದು.”

“ನನ್ ಬಾಯಿಗೆ ಮಾತ್ ತುರುಕಾಕೆ ನಿಂಗ್ಯಾವನ್ಲಾ ಏಳಿದ್ದು?”

“ಗುರುಗಳಿಗೆ ಬರೆಯೋ ಕಾಗದ... ಬೋಳು ಬೋಳಾಗಿ ಕಂಡಿತು ಸರ್.”

“ಬೋಳು! ಗಣಿತ ಕಣ್ಲಾ ಅದು! ಬೋಳಾಗೇ ಇರ್ಬೇಕು!”

ಕೂಗಿಗೆ ಜಯಮ್ಮನವರು ಓಡಿಬಂದರು. ವಿಷಯ ತಿಳಿದು, ಸೆರಗಿನಲ್ಲಿ ಕೈ ಒರೆಸುತ್ತ ಗಂಡನ ಕಡೆಗೇ ತಿರುಗಿದರು. “ಅವನೇನೋ ಬಡ್ಕಂಡ, ಐಕ್ಳ ಬುದ್ಧಿ. ನೀವು ಓದ್ದೆ ಸಹಿ ಆಕುದ್ರಲ್ಲ, ನಿಮ್ಮ ಬುದ್ಧಿ ಎಲ್ಲಿ ಮೇಯಕ್ಕೋಗಿತ್ತು?”

ಸಿದ್ದಯ್ಯನವರು ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. ಪತ್ರಿಕೆಯವರು ಕೇಳಿದ ಹೇಳಿಕೆಯ ಮಾತನ್ನು ನಾನು ತಗ್ಗಿದ ದನಿಯಲ್ಲಿ ತಿಳಿಸಿದಾಗ, “ನಂದು ನಂದು ಅಂತ ನಾನೇ ಬರ್ಕಂಡು ಮೆರಿಯದಾ, ಸತ್ತೋರ ಎದುರ್ಗೆ? ಓಗ್ಲಾ, ಎದ್ದೋಗು” ಎಂದು ಒಳಗೆ ನಡೆದರು.

ಎದ್ದು ಬಂದೆ. ಏಳನೆಯ ಅಧ್ಯಾಯವನ್ನು ಬರೆದೆ. ನಾನು ಮಾಡಿದ್ದನ್ನು ಮುಚ್ಚದೆ ಬರೆದೆ. ಆದರೆ ಸಿದ್ದಯ್ಯನವರು ಒಪ್ಪದೆ ಅದನ್ನು ಅಚ್ಚಿಗೆ ಕೊಡುವ ಮನಸ್ಸಾಗಲಿಲ್ಲ. ಮೂರು ತಿಂಗಳು ಅವರು ನನ್ನ ಫೋನು ಎತ್ತಲಿಲ್ಲ. ಸಂಕ್ರಾಂತಿ ಕಳೆದ ವಾರ ಜಯಮ್ಮನವರೇ ಕರೆದರು: “ಬಾರಪ್ಪ. ಬರೆದವ್ರೆ.”

ಹೋದಾಗ ಜಯಮ್ಮನವರೇ ನಡೆದದ್ದನ್ನು ಹೇಳಿದರು. “ನಾನೊಂದೇ ಮಾತಂದೆ ಕಣಪ್ಪ. ನಿಮ್ಮ ಮೆರೆದಾಟ ಕಟ್ಕಂಡು ನಂಗೇನು? ನೀವು ಇಷ್ಟ್ ವರ್ಸ ಊರ್ ತುಂಬಾ ಅವ್ರನ್ನ ಕಳ್ಳ ಅಂತ ಸಾರ್ಕಂಡ್ ಬಂದ್ರಿ. ನಿಮ್ಮ ಸಿಸ್ಯರೆಲ್ಲಾ ಅಂಗೇ ನಂಬವ್ರೆ. ಈಗ ಇದು ನಂದು, ಅವ್ರು ಕದೀನಿಲ್ಲ ಅಂತ ನೀವು ಬರೀದಿದ್ರೆ ಅವ್ರಿಗೆ ಆ ಎಸ್ರು ಓಗಾದೆಂಗೆ? ನಿಮಗೋಸ್ಕರ ಬ್ಯಾಡ, ಅವ್ರಿಗೋಸ್ಕರ ಬರೀರಿ ಅಂದೆ. ಎರಡ್ ದಿನ ಉಣ್ನಿಲ್ಲ. ಮೂರ್ನೇ ದಿನ ಪೆನ್ನು ಕೇಳುದ್ರು.”

ಸಿದ್ದಯ್ಯನವರು ಹಾಳೆಯನ್ನು ನನ್ನ ಮುಂದೆ ಹಿಡಿದರು, ಕೈಗೆ ಕೊಡಲಿಲ್ಲ. ಇಂಗ್ಲಿಷಿನಲ್ಲಿ ಎರಡು ವಾಕ್ಯ. ಮೂರನೆಯ ಉಪಪ್ರಮೇಯವೂ ಅದರ ಸಾಧನೆಯೂ ನನ್ನವು. ನನ್ನ ಗುರುಗಳು ಇದನ್ನು ಬಲ್ಲವರಾಗಿದ್ದರು ಮತ್ತು ಎಂದೂ ಮರೆಮಾಚಲಿಲ್ಲ.

“ಸರಿಯಾಗದಾ?”

“ಸರಿಯಾಗಿದೆ ಸರ್.”

“ಏನೂ ಸೇರಿಸ್ಬೇಕು ಅನ್ನುಸ್ತಾ ಇಲ್ವಾ?”

“ಇಲ್ಲ ಸರ್.”

“ಉಂ” ಎಂದರು. ಲಕೋಟೆಗೆ ತಾವೇ ಅಂಟು ಸವರಿ, ತಾವೇ ವಿಳಾಸ ಬರೆದು, ಅಂಚೆ ಕಚೇರಿಗೆ ತಾವೇ ನಡೆದರು. ನಾನು ಹಿಂದೆ ಹೋದೆ, ಬೇಡವೆನ್ನಲಿಲ್ಲ.

ತಿದ್ದುಪಡಿ ಪ್ರಕಟವಾಯಿತೆಂದು ರೇಗುಲಾ ಅವರು ಅದರ ಪ್ರತಿಯನ್ನು ಇ-ಮೇಲಿನಲ್ಲಿ ಕಳುಹಿಸಿದಾಗ ಅದನ್ನು ಪ್ರಿಂಟು ಹಾಕಿಸಿಕೊಂಡು ಮಳವಳ್ಳಿಗೆ ಹೋದೆ. ಆ ಉಪಪ್ರಮೇಯ ಸಿದ್ದಯ್ಯನವರದೆಂದೂ, ಅದು ತಮ್ಮದಲ್ಲವೆಂದು ಪ್ರೊಫೆಸರ್ ರುಫ್ನರ್ ಹನ್ನೊಂದು ವರ್ಷ ತಮ್ಮ ಪಾಠದ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದರೆಂದೂ ಅದರಲ್ಲಿ ಅಚ್ಚಾಗಿತ್ತು. ಸಿದ್ದಯ್ಯನವರು ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಸಾಲನ್ನು ದಾಟಿ, ಗುರುವಿನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿಂದ ಜೋರಾಗಿ ಓದಿ ಮಡದಿಗೆ ಅರ್ಥ ಹೇಳಿದರು. ಆಮೇಲೆ ಹಾಳೆ ಮಡಿಸಿ, “ಪುಸ್ತಕ ಅಚ್ಚಿಗೆ ಕೊಡ್ಲಾ” ಎಂದರು. ಅಂದು ೨೦೨೫ನೆಯ ಇಸವಿ ಏಪ್ರಿಲ್ ೧೬, ಬುಧವಾರ.